ಮುಖ್ಯ ಸರ್ವರ್‌ಗೆ ತಾನಾಗಿ ಸಾಫ್ಟ್‌ವೇರ್ ಇಳಿಯದಂತೆ ತಡೆಯುವುದು ಹೇಗೆ?

2014ರ ಮೇ ತಿಂಗಳು. ಅಮೆರಿಕದ ಅಟ್ಲಾಂಟಾದ ಎಮೊರಿ ವಿಶ್ವವಿದ್ಯಾಲಯದಲ್ಲಿ ವಿಂಡೋಸ್ 7 ಇಮೇಜ್ (ಯಂತ್ರಕ್ಕೆ ಹೊಸದಾಗಿ ವಿಂಡೋಸ್ ಹಾಕುವ ಸಿದ್ಧ ಪ್ರತಿ) ತಪ್ಪಿ ಎಲ್ಲ ವಿಂಡೋಸ್ ಯಂತ್ರಗಳಿಗೂ ಹೋಯಿತು. ಲ್ಯಾಪ್‌ಟಾಪ್, ಡೆಸ್ಕ್‌ಟಾಪ್ ಇರಲಿ, ಸರ್ವರ್‌ಗಳಿಗೂ. ಆ ಇಮೇಜ್ ಮೊದಲು ಮಾಡುವ ಕೆಲಸವೇ ಡಿಸ್ಕ್ ಫಾರ್ಮ್ಯಾಟ್. ಗೊತ್ತಾದ ಕೂಡಲೇ ಇಮೇಜ್ ಹಂಚುತ್ತಿದ್ದ ಎಸ್‌ಸಿಸಿಎಂ (ಸಂಸ್ಥೆಯ ಕಂಪ್ಯೂಟರ್‌ಗಳಿಗೆಲ್ಲ ಒಂದೇ ಕಡೆಯಿಂದ ಸಾಫ್ಟ್‌ವೇರ್ ಕಳಿಸುವ ಮೈಕ್ರೊಸಾಫ್ಟ್ ವ್ಯವಸ್ಥೆ) ಸರ್ವರನ್ನೇ ಆಫ್ ಮಾಡಿದರು. ಅಷ್ಟರಲ್ಲಿ ಅದೂ ಫಾರ್ಮ್ಯಾಟ್ ಆಗಿಹೋಗಿತ್ತು.

ಎಸ್‌ಸಿಸಿಎಂಗೆ ಈಗ ಮೈಕ್ರೊಸಾಫ್ಟ್ ಕಾನ್ಫಿಗರೇಷನ್ ಮ್ಯಾನೇಜರ್ ಎಂಬ ಹೆಸರು. ಅದು ಸಾಫ್ಟ್‌ವೇರ್ ಕಳಿಸುವುದು ಯಂತ್ರಗಳ ಗುಂಪಿಗೆ; ಆ ಗುಂಪೇ ಕಲೆಕ್ಷನ್. ಒಂದು ಕಲೆಕ್ಷನ್‌ನಿಂದ ಇನ್ನೊಂದನ್ನು ಕಳೆಯುವ 'ಎಕ್ಸ್‌ಕ್ಲೂಡ್ ಕಲೆಕ್ಷನ್ಸ್' ರೂಲ್ ಅದರಲ್ಲಿದೆ. ಸಾಮಾನ್ಯವಾಗಿ ಇದನ್ನು ಪ್ರತಿ ಕಲೆಕ್ಷನ್‌ಗೂ ಬೇರೆ ಬೇರೆಯಾಗಿ ಹಾಕುತ್ತಾರೆ. ಹತ್ತರಲ್ಲಿ ಹಾಕಿ ಹನ್ನೊಂದನೆಯದರಲ್ಲಿ ಮರೆತರೆ ಆಯಿತು, ಸಾಫ್ಟ್‌ವೇರ್ ಆ ದಾರಿಯಲ್ಲೇ ನುಗ್ಗುತ್ತದೆ. ಬೇಲಿಯನ್ನು ಬುಡದಲ್ಲೇ ಹಾಕುವುದು ಒಳ್ಳೆಯದು.

ಹಂತ 1. ಕಾನ್ಫಿಗರೇಷನ್ ಮ್ಯಾನೇಜರ್ ಕನ್ಸೋಲ್‌ನ 'ಅಸೆಟ್ಸ್ ಆ್ಯಂಡ್ ಕಂಪ್ಲಯನ್ಸ್' ಒಳಗಿನ 'ಡಿವೈಸ್ ಕಲೆಕ್ಷನ್ಸ್'ನಲ್ಲಿ 'ಮುಟ್ಟಬೇಡಿ' ಎಂಬ ಕಲೆಕ್ಷನ್ ಮಾಡಿ. ಲಿಮಿಟಿಂಗ್ ಕಲೆಕ್ಷನ್ (ಯಾವ ಗುಂಪಿನೊಳಗಿಂದ ಮಾತ್ರ ಯಂತ್ರ ಆರಿಸಬಹುದೋ ಆ ಗುಂಪು) 'ಆಲ್ ಸಿಸ್ಟಮ್ಸ್' ಇರಲಿ. ಆಪರೇಟಿಂಗ್ ಸಿಸ್ಟಂ ಹೆಸರಿನಲ್ಲಿ 'ಸರ್ವರ್' ಪದ ಇರುವ ಎಲ್ಲವನ್ನೂ ಹಿಡಿಯುವ ಕ್ವೆರಿ ರೂಲ್ (ಷರತ್ತಿಗೆ ಹೊಂದುವ ಯಂತ್ರಗಳನ್ನು ತಾನಾಗಿ ಸೇರಿಸುವ ನಿಯಮ) ಹಾಕಿ. ಅಷ್ಟಕ್ಕೇ ಬಿಡಬೇಡಿ. ಹಾಜರಾತಿ ಸಾಫ್ಟ್‌ವೇರ್ ಓಡಿಸುವ, ಲ್ಯಾಬ್ ಉಪಕರಣಕ್ಕೆ ತಗುಲಿಸಿದ ವಿಂಡೋಸ್ 10 ಪಿಸಿ ಮೂಲೆಯಲ್ಲೆಲ್ಲೋ ಇರುತ್ತದೆ. ಹೆಸರಿಗೆ ಡೆಸ್ಕ್‌ಟಾಪ್, ಮಾಡುವುದು ಸರ್ವರ್ ಕೆಲಸ. ಅಂಥವನ್ನು ಡೈರೆಕ್ಟ್ ರೂಲ್‌ನಲ್ಲಿ ಒಂದೊಂದಾಗಿ ಸೇರಿಸಿ.

ಹಂತ 2. 'ಹಂಚಬಹುದು' ಎಂಬ ಇನ್ನೊಂದು ಕಲೆಕ್ಷನ್ ಮಾಡಿ. 'ಆಲ್ ಸಿಸ್ಟಮ್ಸ್' ಅನ್ನೇ ಇಡಿಯಾಗಿ ಸೇರಿಸಿ ಸರ್ವರ್‌ಗಳನ್ನು ಕಳೆಯಲು ಹೋದರೆ ಒಂದು ತೊಡಕಿದೆ: ಆಪರೇಟಿಂಗ್ ಸಿಸ್ಟಂ ಯಾವುದೆಂದು ಇನ್ನೂ ದಾಖಲಾಗದ ಹೊಸ ಸರ್ವರ್ ಒಳಗೇ ಉಳಿಯುತ್ತದೆ. ಅದರ ಬದಲು ಆಪರೇಟಿಂಗ್ ಸಿಸ್ಟಂ ಹೆಸರಿನಲ್ಲಿ 'ವರ್ಕ್‌ಸ್ಟೇಷನ್' ಪದ ಇರುವವನ್ನು ಮಾತ್ರ ಕ್ವೆರಿಯಲ್ಲಿ ತನ್ನಿ, ಆಮೇಲೆ 'ಮುಟ್ಟಬೇಡಿ'ಯನ್ನು ಎಕ್ಸ್‌ಕ್ಲೂಡ್ ಮಾಡಿ. ಒಂದೇ ಯಂತ್ರ ಎರಡೂ ರೂಲ್‌ಗೆ ಸಿಕ್ಕಿದರೆ ಎಕ್ಸ್‌ಕ್ಲೂಡ್ ಗೆಲ್ಲುತ್ತದೆ.

ಎರಡೂ ಕಲೆಕ್ಷನ್‌ಗಳಿಗೆ ಇನ್‌ಕ್ರಿಮೆಂಟಲ್ ಅಪ್‌ಡೇಟ್ (ಹೊಸದು, ಬದಲಾದುದನ್ನಷ್ಟೇ ನೋಡುವುದು) ಟಿಕ್ ಮಾಡಿ. ಡಿಫಾಲ್ಟ್ ಆಗಿ ಪೂರ್ತಿ ಅಪ್‌ಡೇಟ್ 7 ದಿನಕ್ಕೊಮ್ಮೆ, ಇನ್‌ಕ್ರಿಮೆಂಟಲ್ 5 ನಿಮಿಷಕ್ಕೊಮ್ಮೆ.

ಹಂತ 3. ಈಗಾಗಲೇ ಇರುವ ಕಲೆಕ್ಷನ್‌ಗಳ ಪ್ರಾಪರ್ಟೀಸ್ ತೆರೆದು, ಲಿಮಿಟಿಂಗ್ ಕಲೆಕ್ಷನ್ ಜಾಗದಲ್ಲಿ 'ಹಂಚಬಹುದು' ಕೊಡಿ. ಅದರಲ್ಲಿಲ್ಲದ ಯಂತ್ರ ಯಾವ ರೂಲ್‌ನಿಂದಲೂ ಒಳಗೆ ಬರಲಾರದು. ಜೊತೆಗೇ ಬಂದಿರುವ 'ಆಲ್ ಸಿಸ್ಟಮ್ಸ್'ನ ರೂಲ್ ಮಾತ್ರ ಬದಲಿಸಲಾಗದು. ಹಾಗಾಗಿ ಅದಕ್ಕೆ ಯಾರೂ ನೇರವಾಗಿ ಡಿಪ್ಲಾಯ್ ಮಾಡಬಾರದು, ಅಂದರೆ ಸಾಫ್ಟ್‌ವೇರ್ ಕಳಿಸಬಾರದು.

ಹಂತ 4. ಸೈಟ್ ಪ್ರಾಪರ್ಟೀಸ್‌ನಲ್ಲಿ 'ಡಿಪ್ಲಾಯ್‌ಮೆಂಟ್ ವೆರಿಫಿಕೇಷನ್' ಟ್ಯಾಬ್ ಇದೆ. ಅಲ್ಲಿ ಕಲೆಕ್ಷನ್ ಗಾತ್ರಕ್ಕೆ ಗರಿಷ್ಠ ಮಿತಿ ಹಾಕಿ (0 ಇದ್ದರೆ ಮಿತಿಯೇ ಇಲ್ಲ ಎಂದರ್ಥ), ಸೈಟ್ ಸಿಸ್ಟಂ ಸರ್ವರ್ (ಕಾನ್ಫಿಗರೇಷನ್ ಮ್ಯಾನೇಜರನ್ನೇ ನಡೆಸುವ ಸರ್ವರ್) ಇರುವ ಕಲೆಕ್ಷನ್‌ಗಳನ್ನು ಬ್ಲಾಕ್ ಮಾಡಿ. ಎಮೊರಿಯ ಫಜೀತಿಗೆ ಮದ್ದು ಇದೇ. ಕಡ್ಡಾಯ ಓಎಸ್ ಡಿಪ್ಲಾಯ್‌ಮೆಂಟಿಗಷ್ಟೇ ಇದು ಅಡ್ಡ ಬರುತ್ತದೆ, ಮಾಮೂಲಿ ಅಪ್ಲಿಕೇಷನ್‌ಗಳನ್ನು ತಡೆಯುವುದಿಲ್ಲ.

ಮೆಂಟೆನೆನ್ಸ್ ವಿಂಡೋ (ಇನ್‌ಸ್ಟಾಲ್‌ಗೆಂದು ಗೊತ್ತುಮಾಡಿದ ವೇಳೆ) ಇಟ್ಟಿದ್ದೇವಲ್ಲ, ಸಾಲದೇ ಎಂದು ಕೇಳುವವರಿದ್ದಾರೆ. ಸಾಲದು. ಯಂತ್ರ ಎರಡು ಕಲೆಕ್ಷನ್‌ನಲ್ಲಿದ್ದರೆ ಎರಡರ ವಿಂಡೋಗಳೂ ಕೂಡಿಕೊಳ್ಳುತ್ತವೆ. ಡಿಪ್ಲಾಯ್‌ಮೆಂಟ್‌ನಲ್ಲಿ ಒಂದು ಟಿಕ್ ಹಾಕಿದರೆ ವಿಂಡೋವನ್ನು ಲೆಕ್ಕಿಸದೆ ಇನ್‌ಸ್ಟಾಲ್ ಆಗುತ್ತದೆ. ವಿಂಡೋ ಹೇಳುವುದು 'ಯಾವಾಗ' ಎಂದು, 'ಯಾರಿಗೆ' ಎಂದಲ್ಲ.

ಹಂತ 5. ಪರೀಕ್ಷೆಗೆ ಒಂದು ಡೊಮೈನ್ ಕಂಟ್ರೋಲರ್ (ಬಳಕೆದಾರರ ಲಾಗಿನ್ ನೋಡಿಕೊಳ್ಳುವ ಸರ್ವರ್) ಆರಿಸಿ, ಕನ್ಸೋಲ್‌ನಲ್ಲಿ ಅದರ ಕಲೆಕ್ಷನ್ ಮತ್ತು ಡಿಪ್ಲಾಯ್‌ಮೆಂಟ್ ಪಟ್ಟಿ ನೋಡಿ. ಕನ್ಸೋಲ್‌ನಲ್ಲಿ ಹೆಸರು ಹೋದರೂ ಸರ್ವರ್‌ಗೆ ಅದು ತಕ್ಷಣ ಗೊತ್ತಾಗದು: ಅದರಲ್ಲಿರುವ ಕ್ಲೈಂಟ್ ಸಾಫ್ಟ್‌ವೇರ್ ಪಾಲಿಸಿ (ಏನು ಮಾಡಬೇಕೆಂಬ ಸೂಚನೆ) ಕೇಳುವುದು ಡಿಫಾಲ್ಟ್ ಆಗಿ 60 ನಿಮಿಷಕ್ಕೊಮ್ಮೆ. ಅವಸರವಿದ್ದರೆ ಸರ್ವರ್‌ನ ಕಂಟ್ರೋಲ್ ಪ್ಯಾನೆಲ್‌ನಲ್ಲಿ 'ಕಾನ್ಫಿಗರೇಷನ್ ಮ್ಯಾನೇಜರ್' ತೆರೆದು, 'ಆ್ಯಕ್ಷನ್ಸ್' ಟ್ಯಾಬ್‌ನಿಂದ ಮಷೀನ್ ಪಾಲಿಸಿ ಸೈಕಲ್ ಓಡಿಸಿ. ಆಗಲೇ ಶುರುವಾಗಿರುವ ಇನ್‌ಸ್ಟಾಲ್ ಇದರಿಂದ ನಿಲ್ಲುವುದಿಲ್ಲ.

ಹೊರಗಿಟ್ಟ ಸರ್ವರ್‌ಗಳಿಗೂ ತಿಂಗಳ ಪ್ಯಾಚ್ ಬೇಕೇ ಬೇಕು. 'ಮುಟ್ಟಬೇಡಿ'ಯನ್ನೇ ಲಿಮಿಟಿಂಗ್ ಆಗಿಟ್ಟು ಬೇರೊಂದು ಕಲೆಕ್ಷನ್ ಮಾಡಿ, ಪ್ಯಾಚ್‌ಗಳನ್ನು 'ರಿಕ್ವೈರ್ಡ್' (ಕಡ್ಡಾಯ) ಬದಲು 'ಅವೈಲಬಲ್' (ಬೇಕಾದಾಗ ಹಾಕಿಕೊಳ್ಳಬಹುದು) ಎಂದು ಡಿಪ್ಲಾಯ್ ಮಾಡಿ. ಆಗ ಅವು ಸಾಫ್ಟ್‌ವೇರ್ ಸೆಂಟರ್‌ನಲ್ಲಿ ಬಂದು ಕೂರುತ್ತವೆ. ಬ್ಯಾಕಪ್ ಆಗಿದೆಯೇ ನೋಡಿಕೊಂಡು ಅಡ್ಮಿನ್ ತಾನೇ 'ಇನ್‌ಸ್ಟಾಲ್' ಒತ್ತಬೇಕು.