ವಿಮಾನ ಹತ್ತುವ ದಿನ ಏನು ಉಡಬೇಕು? ಹಿಂದಿನ ರಾತ್ರಿಯೇ ಹೀಗೆ ತಯಾರಾಗಿ

ಚೆನ್ನಾಗಿ ಕಾಣಲು ದುಬಾರಿ ಬಟ್ಟೆ ಬೇಕಿಲ್ಲ. ಒಗೆದು ಇಸ್ತ್ರಿ ಮಾಡಿದ, ಮೈಗೆ ಸರಿಹೊಂದುವ ಬಟ್ಟೆ ಸಾಕು. ಪ್ಯಾಂಟೇ ಆಗಬೇಕು ಅಂತಲೂ ಇಲ್ಲ. 2024ರ ಜುಲೈನಲ್ಲಿ ಬೆಂಗಳೂರಿನ ಮಾಗಡಿ ರಸ್ತೆಯ ಮಾಲ್ ಒಂದರಲ್ಲಿ ಪಂಚೆ ಉಟ್ಟ ರೈತರೊಬ್ಬರನ್ನು ಬಾಗಿಲಲ್ಲೇ ತಡೆದರು. ಜನ ಸಿಟ್ಟಾದರು, ಸರ್ಕಾರ ಆ ಮಾಲನ್ನು ಏಳು ದಿನ ಮುಚ್ಚಿಸಿತು. ಸರಿಯಾಗಿಯೇ ಆಯಿತು. ಶುಭ್ರವಾದ ಪಂಚೆ, ಅಂಗಿ ಎಲ್ಲಿಗಾದರೂ ಸಲ್ಲುವ ಉಡುಪು, ವಿಮಾನಕ್ಕೂ ಸಹ.

ಆದರೆ ವಿಮಾನದ ದಿನ ಉದ್ದ. ಜಯನಗರದಿಂದ ದೇವನಹಳ್ಳಿಯ ಕೆಂಪೇಗೌಡ ನಿಲ್ದಾಣಕ್ಕೆ ಟ್ರಾಫಿಕ್ ಇದ್ದರೆ ಎರಡು ಗಂಟೆ ಹಿಡಿಯುತ್ತದೆ. ಅಲ್ಲಿ ಕ್ಯೂ, ಆಮೇಲೆ ಇಕ್ಕಟ್ಟಿನ ಸೀಟು. ಬೆಳಗಿನ ಜಾವ ಹಾಕಿದ ಬಟ್ಟೆ ಇಳಿಯುವಾಗಲೂ ನೋಡುವ ಹಾಗಿರಬೇಕು ಅಲ್ವಾ?

1. ಬಟ್ಟೆ ಆರಿಸಿ

ಬಟ್ಟೆಯ ಒಂದು ತುದಿಯನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದು, ಹತ್ತು ಎಣಿಸಿ ಬಿಡಿ. ಸುಕ್ಕು ಹಾಗೇ ನಿಂತರೆ ಅದು ಕೂತು ಪ್ರಯಾಣಿಸುವ ಬಟ್ಟೆಯಲ್ಲ. ಲಿನನ್ ಇದರಲ್ಲಿ ಸೋಲುತ್ತದೆ. ಸ್ವಲ್ಪ ದಪ್ಪ ನೂಲಿನ ಹತ್ತಿ ಪರವಾಗಿಲ್ಲ. ರೇಷ್ಮೆಯೇ ಬೇಕೆಂದರೆ ಮೈಸೂರು ಸಿಲ್ಕ್ ಕ್ರೇಪ್ ಉಡಿ. ಅದರ ನೂಲನ್ನು ಜಾಸ್ತಿ ಹುರಿ ಮಾಡಿರುತ್ತಾರೆ, ಹಾಗಾಗಿ ಬೇಗ ಸುಕ್ಕಾಗುವುದಿಲ್ಲ.

ಸೊಂಟ ಬಿಗಿಯಾಗಿರುವುದು ಬೇಡ. ಹಾರುವ ವಿಮಾನದೊಳಗಿನ ಗಾಳಿಯ ಒತ್ತಡ 6,000ದಿಂದ 8,000 ಅಡಿ ಎತ್ತರದ ಬೆಟ್ಟದ ಮೇಲಿರುವಷ್ಟು. ಮುಳ್ಳಯ್ಯನಗಿರಿಯ ತುದಿಯೇ ಸುಮಾರು 6,300 ಅಡಿ. ಒತ್ತಡ ಇಳಿದಾಗ ಹೊಟ್ಟೆಯೊಳಗಿನ ಗಾಳಿ ಹಿಗ್ಗುತ್ತದೆ. ನೆಲದ ಮೇಲೆ ಸರಿಯಾಗಿದ್ದ ಜೀನ್ಸ್ ಮೇಲೆ ಹೋದಾಗ ಹಿಂಡುವುದು ಇದಕ್ಕೇ.

2. ತಪಾಸಣೆಯನ್ನು ಮನಸ್ಸಿನಲ್ಲಿಟ್ಟುಕೊಳ್ಳಿ

ಹೆಚ್ಚು ಜನ ಒದ್ದಾಡುವುದು ಸೆಕ್ಯುರಿಟಿ ಚೆಕ್‌ನಲ್ಲಿ. ಬೆಲ್ಟ್ ಬಿಚ್ಚಿಸಬಹುದು. ಹಾಗಾಗಿ ಬೆಲ್ಟ್ ಇಲ್ಲದೆಯೂ ನಿಲ್ಲುವ ಪ್ಯಾಂಟ್ ಹಾಕಿ. ಪಂಚೆ ಉಡುವವರಿಗೆ ವೆಲ್ಕ್ರೋ ಇರುವ ಪಂಚೆ ಅನುಕೂಲ. ಶೂ ತೆಗೆಯಿರಿ ಎಂದರೂ ಎನ್ನಬಹುದು, ಸಾಕ್ಸ್ ತೂತಿಲ್ಲದೆ ಶುಚಿಯಾಗಿರಲಿ. ಜೇಬಿನಲ್ಲಿರುವ ಚಿಲ್ಲರೆ, ಕೀ, ಫೋನ್ ಎಲ್ಲವನ್ನೂ ಕ್ಯೂನಲ್ಲಿ ನಿಂತಾಗಲೇ ಬ್ಯಾಗಿಗೆ ಹಾಕಿಬಿಡಿ.

ಸೀರೆಗೆ ಪಿನ್ನು ಕಡಿಮೆ ಇರಲಿ. ಸೆರಗಿಗೊಂದು, ನೆರಿಗೆಗೊಂದು ಸಾಕು. ಪ್ರತಿ ಪಿನ್ನಿಗೂ ಯಂತ್ರ ಕೂಗಿದರೆ ತಪಾಸಣೆ ಎಳೆಯುತ್ತದೆ. ಹೆಂಗಸರನ್ನು ಪರದೆಯ ಹಿಂದೆ ಮಹಿಳಾ ಸಿಬ್ಬಂದಿಯೇ ಪರೀಕ್ಷಿಸುತ್ತಾರೆ, ಮೊದಲ ಸಲ ಹೋಗುವ ಅಮ್ಮನಿಗೋ ಅತ್ತೆಗೋ ಇದನ್ನು ಮನೆಯಲ್ಲೇ ಹೇಳಿಡಿ, ಗಾಬರಿ ಇರುವುದಿಲ್ಲ. ಸೀರೆಯನ್ನು ನೆಲಕ್ಕೆ ತಾಗದಂತೆ ಸ್ವಲ್ಪ ಮೇಲಕ್ಕೆ ಉಡಿಸಿ. ಎಸ್ಕಲೇಟರ್‌ಗೆ ಅಂಚು ಸಿಕ್ಕಿದರೆ ಅಪಾಯ. ಇಳಿಬಿಟ್ಟ ದುಪ್ಪಟ್ಟಾಗೂ ಇದೇ ಮಾತು.

3. ಚಳಿಗೊಂದು ಪದರ

ಒಂದು ಶಾಲು ಅಥವಾ ಮುಂದೆ ತೆರೆಯುವ ಸ್ವೆಟರ್ ಕೈಯಲ್ಲಿರಲಿ. ಜನವರಿಯಲ್ಲಿ ದೆಹಲಿಗೆ ಹೊರಟಿದ್ದರೆ ದಪ್ಪ ಜಾಕೆಟನ್ನು ಪೆಟ್ಟಿಗೆಗೆ ತುರುಕದೆ ಮೈಮೇಲೆ ಹಾಕಿಕೊಳ್ಳಿ, ತೂಕ ಉಳಿಯುತ್ತದೆ.

4. ಕಾಲು, ವಾಸನೆ

ತುಂಬಾ ಹೊತ್ತು ಕೂತರೆ ಪಾದ ಊದುತ್ತದೆ. ಹೊಸ ಶೂಗೆ ಇದು ದಿನವಲ್ಲ. ಎತ್ತರದ ಹಿಮ್ಮಡಿಯೂ ಬೇಡ. ತುರ್ತಾಗಿ ವಿಮಾನದ ಬಾಗಿಲಿನಿಂದ ಗಾಳಿ ತುಂಬಿದ ಜಾರುಬಂಡೆಯಲ್ಲಿ ಇಳಿಯಬೇಕಾದರೆ ಅದನ್ನು ಕಳಚಲೇಬೇಕು, ಇಲ್ಲವಾದರೆ ಜಾರುಬಂಡೆ ಹರಿದುಹೋಗಬಹುದು.

ಘಾಟು ಸೆಂಟು ಹಾಕಿಕೊಳ್ಳಬೇಡಿ. ಪಕ್ಕದವರು ಎದ್ದು ಹೋಗಲು ಜಾಗವಿರುವುದಿಲ್ಲ, ಕೆಲವರಿಗೆ ತಲೆನೋವೇ ಬರುತ್ತದೆ. ಸ್ನಾನ, ಒಗೆದ ಬಟ್ಟೆ, ಒಂದು ತುಂಡು ಮಲ್ಲಿಗೆ ಸಾಕು.

5. ಇನ್ನೊಂದು ಜೊತೆ

ಕೈಚೀಲದಲ್ಲಿ ಒಂದು ಅಂಗಿಯನ್ನೋ ಕುರ್ತಾವನ್ನೋ ಸುರುಳಿ ಸುತ್ತಿ ಇಡಿ. ಮಗುವಿದ್ದರೆ ಅದಕ್ಕೆ ಎರಡು ಜೊತೆ, ಎತ್ತಿಕೊಳ್ಳುವವರಿಗೆ ಒಂದು. ಕಾಫಿ ಚೆಲ್ಲಿದರೂ ದೊಡ್ಡ ಪೆಟ್ಟಿಗೆ ತಡವಾಗಿ ಬಂದರೂ, ಇಳಿದ ಊರಿನ ಮದುವೆ ಮನೆಗೋ ಇಂಟರ್‌ವ್ಯೂಗೋ ನೇರವಾಗಿ ಹೋಗಬಹುದು.