ಇಂಗ್ಲಿಷ್ ಪದದ ಮುಂದಿನ 'ಇನ್' ಅಂದರೆ 'ಅಲ್ಲ'ವೋ 'ಒಳಗೆ'ಯೋ? ಪತ್ತೆ ಮಾಡುವುದು ಹೀಗೆ

ಶಿರಾಡಿ ಘಾಟಿ ಹತ್ತಿ ಸಕಲೇಶಪುರ ದಾಟಿ ಹಾಸನಕ್ಕೆ ಬರುವ ಗ್ಯಾಸ್ ಟ್ಯಾಂಕರ್‌ಗಳ ಮೇಲೆ 'ಹೈಲಿ ಇನ್‌ಫ್ಲೇಮಬಲ್' ಅಂತ ಬರೆದಿರುತ್ತದೆ. ಇನ್‌ಕರೆಕ್ಟ್ ಅಂದರೆ ಸರಿಯಲ್ಲ, ಹಾಗಾದರೆ ಇದು ಬೆಂಕಿ ಹತ್ತದ್ದು ಅಂತ ತಿಳಿದರೆ ಜೀವಕ್ಕೇ ಅಪಾಯ. ಇದರ ಅರ್ಥ ಬೇಗ ಬೆಂಕಿ ಹತ್ತುವಂಥದ್ದು.

ಇಂಥ ಪದಗಳು ಇಂಗ್ಲಿಷಿಗೆ ಬಂದದ್ದು ಲ್ಯಾಟಿನ್‌ನಿಂದ, ಅಲ್ಲಿ ಇನ್ ಅನ್ನುವ ಪೂರ್ವಪ್ರತ್ಯಯ ಒಂದಲ್ಲ, ಎರಡು. ನೋಡೋಕೆ ಒಂದೇ ಥರ, ಹುಟ್ಟು ಮಾತ್ರ ಬೇರೆ. ಮೊದಲನೆಯದು 'ಅಲ್ಲ' ಅನ್ನುವುದು. ಅಶಾಂತಿ, ಅನಂತ ಪದಗಳಲ್ಲಿ ಸಂಸ್ಕೃತದಿಂದ ಬಂದ ಅ, ಅನ್ ಇದೆಯಲ್ಲ, ಅದೂ ಇದೂ ಒಂದೇ ಬೇರಿನವು, ಅನ್‌ಹ್ಯಾಪಿಯಲ್ಲಿರುವ ಅನ್ ಕೂಡ ಅಲ್ಲಿಂದಲೇ. ಇನ್ನೊಂದು 'ಒಳಗೆ' ಅನ್ನುವುದು. ಇಂಗ್ಲಿಷಿನ ಸಾದಾ ಇನ್ ಇದರ ನೆಂಟ.

ಪತ್ತೆ ಮಾಡೋಕೆ ಮೊದಲು ಇನ್ ತೆಗೆದು ನೋಡಿ. ಆಕ್ಟಿವ್, ವಿಸಿಬಲ್ ಥರ ಗುಣ ಹೇಳುವ ಪದ ಉಳಿದರೆ ಹೆಚ್ಚಾಗಿ 'ಅಲ್ಲ'. ಕೆಲಸ ಹೇಳುವ ಲ್ಯಾಟಿನ್ ತುಂಡು ಉಳಿದರೆ 'ಒಳಗೆ': ಇನ್‌ಜೆಕ್ಟ್ ಅಂದರೆ ಒಳಗೆ ಎಸೆ, ಇನ್‌ಸ್ಪೆಕ್ಟ್ ಅಂದರೆ ಒಳಗೆ ನೋಡು. ಫ್ಲೇಮಬಲ್ ಕೂಡ ಗುಣದ ಪದವೇ ಅಲ್ವಾ ಅಂತ ಕೇಳಬಹುದು. ಅಂಥ ಕಡೆ ಇನ್ನೊಂದು ಪರೀಕ್ಷೆ ಮಾಡಿ, ಕೊನೆಯ 'ಏಬಲ್' ತೆಗೆದರೆ ಇನ್ ಸಮೇತ ಕ್ರಿಯಾಪದ ಸಿಗುತ್ತದಾ? ಸಿಕ್ಕರೆ ಆ ಇನ್ 'ಒಳಗೆ' ಗುಂಪಿನದು. ಇನ್‌ಫ್ಲೇಮ್ ಸಿಗುತ್ತದೆ, ಬೆಂಕಿ ಹೊತ್ತಿಸು ಅಂತ ಅದರ ಮೂಲ ಅರ್ಥ. ಈ ಗೊಂದಲ ಬೇಡ ಅಂತಲೇ ಈಗ ಎಷ್ಟೋ ಕಡೆ ಬರೀ ಫ್ಲೇಮಬಲ್ ಅಂತ ಬರೆಯುತ್ತಾರೆ. ನಮ್ಮ ಟ್ಯಾಂಕರ್‌ಗಳ ಮೇಲೂ ಹಾಗೇ ಬರೆಯಬೇಕು, ಜೊತೆಗೆ ಕನ್ನಡದಲ್ಲೂ.

ಇನ್ ವೇಷ ಬದಲಿಸುತ್ತದೆ, ಅದನ್ನೂ ಗಮನಿಸಿ. ಪ, ಬ, ಮ ಮುಂದೆ ಇಮ್, ಲ ಮುಂದೆ ಇಲ್, ರ ಮುಂದೆ ಇರ್. ಸಂಧಿ ಓದಿದವರಿಗೆ ಇದು ಸುಲಭ. ಇರ್‌ರೆಗ್ಯುಲರ್‌ನಲ್ಲಿ ಅದು 'ಅಲ್ಲ', ಆದರೆ ಗೊರೂರಿನ ಹೇಮಾವತಿ ಡ್ಯಾಮಿನಿಂದ ಆಗುವ ಇರಿಗೇಷನ್‌ನಲ್ಲಿ 'ಒಳಗೆ', ಯಾಕೆಂದರೆ ಲ್ಯಾಟಿನ್‌ನ ರಿಗಾರೆ ಅಂದರೆ ನೀರು ಹಾಯಿಸು. ಮಳೆಗಾಲದಲ್ಲಿ ಚಿಕ್ಕಮಗಳೂರಿನ ಗಿರಿಗಳಲ್ಲಿ ಅರಳುವ ಬಾಲ್ಸಮ್‌ನ ಲ್ಯಾಟಿನ್ ಹೆಸರು ಇಂಪೇಷಿಯನ್ಸ್, ತಾಳ್ಮೆ ಇಲ್ಲದ್ದು ಅಂತ. ಬಲಿತ ಕಾಯಿ ಮುಟ್ಟಿ ನೋಡಿ, ಪಟ್ಟನೆ ಸಿಡಿದು ಬೀಜ ಚೆಲ್ಲುತ್ತದೆ.

ಮಕ್ಕಳು ಜಾಸ್ತಿ ಎಡವುವುದು ಇನ್‌ವ್ಯಾಲ್ಯುಯಬಲ್‌ನಲ್ಲಿ. ಅದು 'ಅಲ್ಲ' ಗುಂಪಿನದೇ, ಆದರೆ ಬೆಲೆಯಿಲ್ಲದ್ದಲ್ಲ, ಬೆಲೆ ಕಟ್ಟಲಾಗದ್ದು. ನಮ್ಮ 'ಅಮೂಲ್ಯ' ನೆನಪಿಸಿ, ಥಟ್ಟನೆ ಹೊಳೆಯುತ್ತದೆ.