ತಟ್ಟೆಯಲ್ಲಿ ಮಿಡಿಯುವ ಬೆಳೆ: ಆಕರಕೋಶದಿಂದ ಹೃದಯದ ಸ್ನಾಯುಕೋಶ ಬೆಳೆಯುವುದು ಹೇಗೆ?

ಹೃದಯಾಘಾತವಾಗಿ ಒಂದು ವಾರ ಆಸ್ಪತ್ರೆಯಲ್ಲಿದ್ದು ದಾವಣಗೆರೆಯ ನಮ್ಮ ಮನೆಗೆ ಬಂದ ಸೋದರಮಾವ, ಮಾತ್ರೆಗಳ ಚೀಟಿಯನ್ನು ನನ್ನ ಕೈಗಿತ್ತು ಕೇಳಿದ್ದು ಒಂದೇ ಪ್ರಶ್ನೆ: ‘ಸತ್ತ ಭಾಗ ಮತ್ತೆ ಚಿಗುರುವುದಿಲ್ಲವೇ?’ ಅವರು ಮಲೇಬೆನ್ನೂರಿನ ಆಚೆ, ಭದ್ರಾ ನಾಲೆಯ ಕೊನೆಯ ಭಾಗದಲ್ಲಿ ಭತ್ತ ಬೆಳೆಯುವವರು. ಕೊಯ್ದ ಕೂಳೆಯೇ ಚಿಗುರುವಾಗ ಹೃದಯಕ್ಕೇನು ಧಾಡಿ ಎಂಬುದು ಅವರ ತರ್ಕ.

ಇಲ್ಲ ಎಂದೇ ಹೇಳಬೇಕಾಯಿತು. ಹೃದಯದಲ್ಲಿ ಹೊಸ ಸ್ನಾಯುಕೋಶ ಹುಟ್ಟುವುದು 25ರ ಪ್ರಾಯದಲ್ಲಿ ವರ್ಷಕ್ಕೆ ಸುಮಾರು 1%, 75ರ ಹೊತ್ತಿಗೆ ಅದರ ಅರ್ಧಕ್ಕಿಂತಲೂ ಕಡಿಮೆ. 2009ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ಇದನ್ನು ಲೆಕ್ಕ ಹಾಕಿದ ಬಗೆಯೇ ಒಂದು ಸೊಗಸು. ಶೀತಲ ಸಮರದ ದಿನಗಳ ಅಣುಬಾಂಬ್ ಪರೀಕ್ಷೆಗಳಿಂದ ಗಾಳಿಗೆ ಸೇರಿದ್ದ ಕಾರ್ಬನ್-14 ಎಂಬ ವಿಕಿರಣಶೀಲ ಇಂಗಾಲ, ಹೃದಯಕೋಶಗಳ ಡಿಎನ್‌ಎಯಲ್ಲಿ ಎಷ್ಟಿದೆ ಎಂದು ಅಳೆದು ಕೋಶಗಳ ವಯಸ್ಸು ಕಂಡುಕೊಂಡರು. ದೊಡ್ಡ ಹೃದಯಾಘಾತವೊಂದರಲ್ಲಿ 100 ಕೋಟಿಯಷ್ಟು ಕೋಶಗಳು ಸಾಯಬಹುದು. ಆ ನಷ್ಟವನ್ನು ಈ ವೇಗ ತುಂಬಿಕೊಡಲಾರದು.

ದೇಹದ ಹೊರಗಾದರೆ ಬೆಳೆಯಬಹುದು. ಬೆಂಗಳೂರಿನ ಪ್ರಯೋಗಾಲಯವೊಂದರಲ್ಲಿ ಕೆಲವು ವರ್ಷ ನಾನು ಮಾಡಿದ್ದು ಇದೇ ಬೇಸಾಯ. ಮಾವನಿಗೆ ಹೇಳಿದ ಕ್ರಮದಲ್ಲೇ ಇಲ್ಲಿ ಬರೆಯುತ್ತಿದ್ದೇನೆ. ಇದು ಅಡುಗೆಮನೆಯ ಪ್ರಯೋಗವಲ್ಲ ಎಂದು ಬೇರೆ ಹೇಳಬೇಕಿಲ್ಲ. ಸೋಸಿದ ಗಾಳಿ ಹರಿಯುವ ಕ್ಯಾಬಿನೆಟ್, 37 ಡಿಗ್ರಿ ಸೆಲ್ಸಿಯಸ್ ಬಿಸುಪು ಮತ್ತು 5% ಇಂಗಾಲದ ಡೈಆಕ್ಸೈಡ್ ಕಾಯ್ದುಕೊಳ್ಳುವ ಇನ್‌ಕ್ಯುಬೇಟರ್, ಇವಿಲ್ಲದೆ ಒಂದು ದಿನವೂ ನಡೆಯದು.

ಬೀಜ

ಮೊದಲು ಬೇಕಾದದ್ದು ಆಕರಕೋಶ, ಅಂದರೆ ಸ್ಟೆಮ್ ಸೆಲ್. ದೇಹದ ಯಾವ ಬಗೆಯ ಕೋಶವಾಗಿಯೂ ಬೆಳೆಯಬಲ್ಲ ಮೂಲಕೋಶ ಇದು. 1998ರಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಜೇಮ್ಸ್ ಥಾಮ್ಸನ್ ಮಾನವ ಭ್ರೂಣದಿಂದ ಇದನ್ನು ಬೇರ್ಪಡಿಸಿ ಬೆಳೆಸಿದರು. ಭ್ರೂಣದ ಗೊಡವೆಯೇ ಬೇಡ ಎನ್ನುವ ದಾರಿ ತೋರಿಸಿದವರು ಜಪಾನಿನ ಶಿನ್ಯಾ ಯಮನಾಕ. ನಾಲ್ಕೇ ನಾಲ್ಕು ಜೀನ್‌ಗಳನ್ನು ಸೇರಿಸಿ 2006ರಲ್ಲಿ ಇಲಿಯ, 2007ರಲ್ಲಿ ಮನುಷ್ಯರ ಚರ್ಮದ ಕೋಶಗಳನ್ನು ಆಕರಕೋಶಗಳ ಸ್ಥಿತಿಗೆ ಹಿಂದಕ್ಕೆ ತಿರುಗಿಸಿದರು. 2012ರಲ್ಲಿ ನೊಬೆಲ್ ಬಂತು. ಈಗ ತೋಳಿನಿಂದ ತೆಗೆದ ಸ್ವಲ್ಪ ರಕ್ತದಿಂದಲೂ ಇಂಥ ತಳಿ ಎಬ್ಬಿಸಬಹುದು.

ಬಿತ್ತನೆ ಬೀಜದಂತೆ ಇದನ್ನೂ ಪರೀಕ್ಷಿಸಿಯೇ ಬಳಸಬೇಕು. ವರ್ಣತಂತುಗಳು ಸರಿಯಿವೆಯೇ, ಮೈಕೊಪ್ಲಾಸ್ಮಾ ಎಂಬ ಕಣ್ಣಿಗೆ ಕಾಣದ ಸೋಂಕು ತಗುಲಿದೆಯೇ ಎಂದು ನೋಡದೆ ಮುಂದುವರಿದರೆ ತಿಂಗಳುಗಳ ಕೆಲಸ ಮಣ್ಣುಪಾಲು.

ಮಡಿ

ಪಡ್ಡಿನ ಕಾವಲಿಯನ್ನು ನೆನಪಿಸುವ, 12 ಗುಳಿಗಳ ಪ್ಲಾಸ್ಟಿಕ್ ತಟ್ಟೆ ತೆಗೆದುಕೊಳ್ಳಿ. ಬರಿಯ ಪ್ಲಾಸ್ಟಿಕ್ಕಿಗೆ ಈ ಕೋಶಗಳು ಅಂಟುವುದಿಲ್ಲ. ಅದಕ್ಕೆ ಮ್ಯಾಟ್ರಿಜೆಲ್ ಎಂಬ ಪ್ರೊಟೀನ್ ಲೇಪ ಕೊಡಬೇಕು. ಇದು ತುಪ್ಪಕ್ಕೆ ತದ್ವಿರುದ್ಧ: ತಣ್ಣಗಿದ್ದರೆ ನೀರಾಗಿರುತ್ತದೆ, ಬೆಚ್ಚಗಾದರೆ ಹೆಪ್ಪುಗಟ್ಟುತ್ತದೆ. ಆದ್ದರಿಂದ ಮಂಜುಗಡ್ಡೆಯ ಮೇಲಿಟ್ಟೇ ಕೆಲಸ ಮಾಡಬೇಕು, ಪಿಪೆಟ್ಟಿನ ತುದಿಗಳನ್ನೂ ತಣ್ಣಗಿಟ್ಟಿರಬೇಕು.

ಗುಂಪಾಗಿ ಬೆಳೆದ ಆಕರಕೋಶಗಳನ್ನು ಅಕ್ಯುಟೇಸ್ ಎಂಬ ಕಿಣ್ವದಿಂದ ಬಿಡಿಬಿಡಿ ಮಾಡಿ ಈ ಮಡಿಗೆ ಹಾಕುತ್ತಾರೆ. ಒಂಟಿಯಾದ ಆಕರಕೋಶ ಹೆದರಿ ಸಾಯುತ್ತದೆ ಎಂದರೆ ತಪ್ಪಿಲ್ಲ; ಮೊದಲ ದಿನ ವೈ-27632 ಎಂಬ ರಾಸಾಯನಿಕವನ್ನು ಸೇರಿಸುವುದು ಆ ಸಾವು ತಡೆಯಲಿಕ್ಕೆ. ಮೂರು-ನಾಲ್ಕು ದಿನ ದಿನವೂ ಪೋಷಕ ದ್ರಾವಣ ಬದಲಿಸುತ್ತ, ತಟ್ಟೆಯ ತಳ ಸಂದಿಲ್ಲದಂತೆ ತುಂಬುವವರೆಗೆ ಕಾಯಬೇಕು. ತುಂಬಿದ ಆ ದಿನವೇ ಸೊನ್ನೆಯ ದಿನ.

ನೀರು ಬಿಡುವುದು, ನಿಲ್ಲಿಸುವುದು

ಇಡೀ ಕೆಲಸದ ಗುಟ್ಟು ಇಲ್ಲಿದೆ. ಇಲ್ಲಿಗೆ ಬಂದಾಗ ಮಾವ ಎದ್ದು ಕುಳಿತರು. ಭದ್ರಾ ಅಚ್ಚುಕಟ್ಟಿನವರಿಗೆ ಆನ್–ಆಫ್ ಪದ್ಧತಿಯನ್ನು ಯಾರೂ ವಿವರಿಸಬೇಕಿಲ್ಲ: ನಾಲೆಗೆ ಇಷ್ಟು ದಿನ ನೀರು, ಇಷ್ಟು ದಿನ ಬಂದ್.

ಭ್ರೂಣದಲ್ಲಿ ಕೋಶದಿಂದ ಕೋಶಕ್ಕೆ ಸುದ್ದಿ ಮುಟ್ಟಿಸುವ ನಾಲೆಗಳಲ್ಲಿ ಒಂದರ ಹೆಸರು ವಿಂಟ್. ಮೊದಲು ಈ ಸಂಕೇತ ಹರಿದರೆ ಆಕರಕೋಶಗಳು ಮೀಸೋಡರ್ಮ್ ಎಂಬ ನಡುಪದರದ ಕೋಶಗಳಾಗುತ್ತವೆ. ಸ್ನಾಯು, ಮೂಳೆ, ರಕ್ತ ಎಲ್ಲದರ ತವರು ಅದು. ಅಲ್ಲಿಂದ ಮುಂದೆ ಹೃದಯದ ಕಡೆ ಹೊರಳಬೇಕಾದರೆ ಅದೇ ಸಂಕೇತ ನಿಲ್ಲಬೇಕು. ಹರಿಯುತ್ತಲೇ ಇದ್ದರೆ ಹೃದಯ ಹುಟ್ಟುವುದಿಲ್ಲ. ಇದನ್ನು ಎರಡು ಸಣ್ಣ ರಾಸಾಯನಿಕಗಳಿಂದಲೇ ಸಾಧಿಸುವ ವಿಧಾನವನ್ನು 2012ರಲ್ಲಿ ಪ್ರಕಟಿಸಿದವರೂ ವಿಸ್ಕಾನ್ಸಿನ್‌ನವರೇ.

ಸೊನ್ನೆಯ ದಿನ, ಆರ್‌ಪಿಎಂಐ 1640 ಎಂಬ ಪೋಷಕ ದ್ರಾವಣಕ್ಕೆ ಇನ್ಸುಲಿನ್ ಇಲ್ಲದ ಬಿ27 ಪೂರಕ ಬೆರೆಸಿ, ಜೊತೆಗೆ ಸಿಎಚ್‌ಐಆರ್ 99021 ಎಂಬ ರಾಸಾಯನಿಕ ಹಾಕುತ್ತಾರೆ. ಇದು ನಾಲೆಯ ತೂಬು ತೆರೆಯುವ ಕೈ. ಪ್ರಮಾಣ ಸಾಮಾನ್ಯವಾಗಿ 6ರಿಂದ 12 ಮೈಕ್ರೊಮೋಲಾರ್ (ದ್ರಾವಣದ ಸಾಂದ್ರತೆಯ ಸಣ್ಣ ಅಳತೆ). ಒಂದೊಂದು ತಳಿಗೆ ಒಂದೊಂದು ಅಳತೆ, ಪಕ್ಕದ ಪ್ರಯೋಗಾಲಯದ ಲೆಕ್ಕ ನಿಮ್ಮದಕ್ಕೆ ಹೊಂದದು. ಸರಿಯಾಗಿ 24 ಗಂಟೆಗೆ ಅದನ್ನು ತೆಗೆಯಬೇಕು. ಮಾರನೆಯ ದಿನ ತಟ್ಟೆಯಲ್ಲಿ ಸತ್ತ ಕೋಶಗಳು ಹೊಟ್ಟಿನಂತೆ ತೇಲುತ್ತವೆ. ಹೊಸಬರು ಇಲ್ಲಿ ಎದೆಗುಂದಿ ತಟ್ಟೆ ಬಿಸಾಡುತ್ತಾರೆ. ಬಿಸಾಡಬೇಡಿ.

ಮೂರನೆಯ ದಿನ ಐಡಬ್ಲ್ಯುಪಿ2 ಎಂಬ ಎರಡನೆಯ ರಾಸಾಯನಿಕ, 5 ಮೈಕ್ರೊಮೋಲಾರ್. ತೂಬು ಮುಚ್ಚಿತು. ಹಳೆಯ ದ್ರಾವಣ ಅರ್ಧ, ಹೊಸದು ಅರ್ಧ ಬೆರೆಸಿ ಕೊಡುವುದು ರೂಢಿ. ಐದನೆಯ ದಿನ ಅದನ್ನೂ ತೆಗೆದು ಬರಿಯ ದ್ರಾವಣ. ಏಳನೆಯ ದಿನದಿಂದ ಇನ್ಸುಲಿನ್ ಇರುವ ಬಿ27, ಮೂರು ದಿನಕ್ಕೊಮ್ಮೆ.

ಇನ್ಸುಲಿನ್ ವಿಷಯದಲ್ಲಿ ನಾನು ಕೈ ಸುಟ್ಟುಕೊಂಡವನು. ಎರಡೂ ಬಿ27 ಬಾಟಲಿಗಳು ನೋಡಲು ಅವಳಿಗಳು. ಒಂದು ಸೋಮವಾರ ನಿದ್ದೆಗಣ್ಣಿನಲ್ಲಿ ಸೊನ್ನೆಯ ದಿನವೇ ಇನ್ಸುಲಿನ್ ಇರುವುದನ್ನು ಬೆರೆಸಿದೆ. ಕೋಶಗಳು ದಷ್ಟಪುಷ್ಟವಾಗಿ ಬೆಳೆದವು. 15 ದಿನ ಕಳೆದರೂ ಒಂದೂ ಮಿಡಿಯಲಿಲ್ಲ. ಆರಂಭದ ದಿನಗಳಲ್ಲಿ ಇನ್ಸುಲಿನ್ ಹೃದಯದ ದಾರಿಗೆ ಅಡ್ಡ ಬರುತ್ತದೆ. ಯೂರಿಯಾ ಹೆಚ್ಚಾಗಿ ಹಚ್ಚಗೆ ಬೆಳೆದು ತೆನೆ ಜೊಳ್ಳಾದ ಹಾಗೆ ಎಂದು ಮಾವ ತಾವಾಗಿಯೇ ಅರ್ಥ ಹೇಳಿದರು.

ಮೊದಲ ಮಿಡಿತ

ಎಂಟರಿಂದ ಹನ್ನೆರಡನೆಯ ದಿನದೊಳಗೆ ಯಾವುದೋ ಬೆಳಿಗ್ಗೆ, ಸೂಕ್ಷ್ಮದರ್ಶಕದಡಿ ಗುಳಿಯ ಅಂಚಿನಲ್ಲಿ ಏನೋ ಅಲುಗಿದಂತಾಗುತ್ತದೆ. ಮೇಜು ಅಲುಗಿತೇ ಎಂದು ಕೈ ತೆಗೆದು ಉಸಿರು ಬಿಗಿಹಿಡಿದು ನೋಡಿದರೆ, ಮತ್ತೆ. ಸಾಸಿವೆಗಿಂತ ಚಿಕ್ಕ ಜಾಗವೊಂದು ಒಳಕ್ಕೆ ಸೆಳೆದುಕೊಂಡು ಬಿಡುತ್ತಿರುತ್ತದೆ. ನರವಿಲ್ಲ, ರಕ್ತವಿಲ್ಲ, ಮಿಡಿ ಎಂದು ಹೇಳುವವರಿಲ್ಲ. ಎರಡು ದಿನದಲ್ಲಿ ಅಕ್ಕಪಕ್ಕದ ತುಣುಕುಗಳು ಕೂಡಿಕೊಂಡು ಹಾಳೆಯೇ ಒಂದೇ ತಾಳಕ್ಕೆ ಎಳೆಯತೊಡಗುತ್ತದೆ. ಎಷ್ಟು ಸಲ ಕಂಡರೂ ಪಕ್ಕದವರನ್ನು ಕರೆದು ತೋರಿಸದೆ ಇರಲು ನನಗೆ ಆಗಿಲ್ಲ.

ಕಳೆ ಕೀಳಲು, ಅಂದರೆ ಹೃದಯದವಲ್ಲದ ಕೋಶಗಳನ್ನು ತೆಗೆಯಲು, ಜಪಾನಿನಿಂದ ಬಂದ ಜಾಣ ಉಪಾಯವೊಂದಿದೆ. ಗ್ಲೂಕೋಸ್ ತೆಗೆದು ಲ್ಯಾಕ್ಟೇಟ್ ಕೊಟ್ಟರೆ ಬೇರೆ ಕೋಶಗಳು ಉಪವಾಸ ಸಾಯುತ್ತವೆ, ಹೃದಯದವು ಅದನ್ನೇ ಉರಿಸಿ ಬದುಕುತ್ತವೆ. ಉಳಿದವು ನಿಜಕ್ಕೂ ಹೃದಯದವೇ ಎಂದು ಹೃದಯಸ್ನಾಯುವಿನ ಗುರುತಾದ ಟ್ರೊಪೊನಿನ್-ಟಿ ಪ್ರೊಟೀನಿಗೆ ಬಣ್ಣ ಹಾಕಿ ಖಾತ್ರಿ ಮಾಡಿಕೊಳ್ಳುತ್ತಾರೆ. ಮಿಡಿತ ಕಂಡ ಮಾತ್ರಕ್ಕೆ ಶುದ್ಧ ಬೆಳೆ ಎನ್ನುವಂತಿಲ್ಲ.

ಇನ್ನೊಂದು ಕೊರತೆ: ಇವು ಎಳಸು. ವಯಸ್ಕರ ಹೃದಯಕೋಶ ಉದ್ದನೆಯ ಇಟ್ಟಿಗೆಯಂತಿದ್ದರೆ ಇವು ಭ್ರೂಣದಲ್ಲಿರುವಂತೆ ಚಿಕ್ಕವು, ದುಂಡನೆಯವು. ಬಲಿಯಿಸಲು ವಾರಗಟ್ಟಲೆ ಬೆಳೆಸುತ್ತಾರೆ, ಕೊಬ್ಬಿನಾಮ್ಲ ಉಣಿಸುತ್ತಾರೆ, ವಿದ್ಯುತ್ತಿನಿಂದ ತಾಳ ಕಲಿಸುತ್ತಾರೆ.

ಇಷ್ಟಾಗಿ ಪ್ರಯೋಜನವೇನು? ಔಷಧವೊಂದು ಹೃದಯದ ಲಯ ಕೆಡಿಸುತ್ತದೆಯೇ ಎಂದು ರೋಗಿಯ ಎದೆಗಿಂತ ಮೊದಲು ತಟ್ಟೆಯಲ್ಲೇ ನೋಡಬಹುದು. ಆನುವಂಶಿಕ ಹೃದ್ರೋಗ ಇರುವವರ ರಕ್ತದಿಂದಲೇ ಅವರ ಹೃದಯಕೋಶ ಬೆಳೆದು ದೋಷ ಹುಡುಕಬಹುದು. ನಮ್ಮ ಉಪಖಂಡದ ಸುಮಾರು 4% ಜನರಲ್ಲಿ ಎಂವೈಬಿಪಿಸಿ3 ಎಂಬ ಹೃದಯದ ಜೀನ್‌ನಲ್ಲಿ 25 ಅಕ್ಷರಗಳಷ್ಟು ತುಣುಕು ಕಾಣೆಯಾಗಿದೆ. ಇಂಥದ್ದನ್ನು ಅರಿಯಲು ಈ ತಟ್ಟೆಗಳೇ ಹೊಲ.

ಎದೆಗೆ ನಾಟಿ ಮಾಡುವ ಮಾತು ಬೇರೆ. ಜಪಾನಿನಲ್ಲಿ 2020ರಲ್ಲಿ ಇಂಥ ಕೋಶಗಳ ಹಾಳೆಯನ್ನು ರೋಗಿಯ ಹೃದಯಕ್ಕೆ ಅಂಟಿಸಿದ್ದಾರೆ. ಮಂಗಗಳಲ್ಲಿ ನಾಟಿ ಮಾಡಿದಾಗ ಹೃದಯದ ಲಯ ತಪ್ಪಿದ್ದೂ ದಾಖಲಾಗಿದೆ. ನಮ್ಮಲ್ಲಿ ಐಸಿಎಂಆರ್‌ನ 2017ರ ಮಾರ್ಗಸೂಚಿ, ರಕ್ತದ ಕಾಯಿಲೆಗಳಿಗೆ ಮಾಡುವ ಅಸ್ಥಿಮಜ್ಜೆಯಂಥ ಕಸಿಯನ್ನು ಬಿಟ್ಟು ಬೇರಾವ ಆಕರಕೋಶ ಚಿಕಿತ್ಸೆಯನ್ನೂ ಒಪ್ಪಿಲ್ಲ. ಮಾವನ ಮೊಬೈಲಿಗೆ ಆಗಲೇ ‘ಸ್ಟೆಮ್ ಸೆಲ್ ಚುಚ್ಚುಮದ್ದು’ ಎಂಬ ಜಾಹೀರಾತು ಬಂದಿತ್ತು. ಕೇಳದೆಯೇ ಅಳಿಸಿಹಾಕಿದೆ.

ಬದಲಿಗೆ ನನ್ನ ಹಳೆಯ ತಟ್ಟೆಯೊಂದರ ವಿಡಿಯೊ ತೋರಿಸಿದೆ. ಅವರು ಕನ್ನಡಕ ಏರಿಸಿ, ಎಡ ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು, ತಮ್ಮದನ್ನೂ ಅದರದನ್ನೂ ಎಣಿಸುತ್ತ ಬಹಳ ಹೊತ್ತು ನೋಡಿದರು.

‘ಇದಕ್ಕೆ ನೀರು ಎಷ್ಟು ದಿನಕ್ಕೊಮ್ಮೆ ಅಂದೆ?’

‘ಮೂರು ದಿನಕ್ಕೆ.’

‘ನಮ್ಮ ನಾಲೆಗಿಂತ ವಾಸಿ’ ಎಂದು ಮೊಬೈಲ್ ವಾಪಸು ಕೊಟ್ಟರು.